ಬ್ಯಾಟರಿಗೆ ಬಿಟ್ಟುಕೊಟ್ಟ ಜಾಗ

ನನ್ನ ಗಂಡನದು ಧನಕವಡಿಯಲ್ಲಿ ಇನ್ವರ್ಟರ್ ಬ್ಯಾಟರಿ ಮಾರುವ ಅಂಗಡಿ. ಅವನಿಗೆ ಹಾಯಿದೋಣಿಯ ಹುಚ್ಚು ಯಾವಾಗ ಹಿಡಿಯಿತೋ ದೇವರಿಗೇ ಗೊತ್ತು. ಬೆಳಗಾವಿ ಕಡೆಯ ನಮ್ಮ ಎರಡೂ ಮನೆತನಗಳಲ್ಲಿ ಮೊಣಕಾಲುದ್ದ ನೀರಿಗಿಂತ ಆಳಕ್ಕೆ ಇಳಿದವರಿಲ್ಲ. ಮುಖದೆದುರು ನಾನು ‘ರೀ’ ಹಚ್ಚಿಯೇ ಮಾತಾಡುತ್ತೇನೆ. ಬರೆಯುವಾಗ ಆ ಹಂಗು ನನಗಿಲ್ಲ.

ಯಾರೋ ಮಾರಲಿಟ್ಟಿದ್ದ ಸಣ್ಣ ಹಾಯಿದೋಣಿಯೊಂದನ್ನು ಕೊಂಡು ಪಾನಶೇತ್ ಹಿನ್ನೀರಿನ ದಂಡೆಯಲ್ಲಿ ಕಟ್ಟಿಹಾಕಿದ. ಗಾಳಿ ನಿಂತುಹೋದಾಗ ದಡ ಸೇರಲು ಅದರ ಹಿಂಬದಿಗೆ ಒಂದು ಕರೆಂಟ್ ಮೋಟರು ಇತ್ತು. ಅದಕ್ಕೆ ಸಣ್ಣದೊಂದು ಬ್ಯಾಟರಿ ಧಾರಾಳವಾಗಿ ಸಾಕಾಗುತ್ತಿತ್ತು. ಈ ಮಹಾರಾಯ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಎರಡನ್ನು ತಂದು ಮೋಟರಿನ ಪಕ್ಕದ ಪೆಟ್ಟಿಗೆಗೆ ತುರುಕಿದ.

“ಬ್ಯಾಟರಿ ಅಂಗಡಿಯವನ ಬೋಟಿನ್ಯಾಗ ಸಣ್ಣ ಬ್ಯಾಟರಿ ಇದ್ರ ಮಂದಿ ಏನಂದಾರು?” ಅಂದ.

ಮಂದಿ ಏನೂ ಅನ್ನಲಿಲ್ಲ, ದೋಣಿಯೇ ಅಂದಿತು. ಮೊದಲ ದಿನ ಇಬ್ಬರೂ ಹಿಂದೆ ಕೂತದ್ದೇ ತಡ, ಮೂತಿ ಮೇಲೆದ್ದು, ಹಿಂಭಾಗ ಕುಸಿದು, ಕಾಲ ಬಳಿ ನೀರು ಬಂತು. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, “ನೀ ಮುಂದ ಹೋಗಿ ಕೂಡು” ಅಂದ. ಹಾಯಿಕಂಬದ ಬುಡದ ಹಲಗೆಯ ಮೇಲೆ ಹೋಗಿ ಕೂತೆ. ದೋಣಿ ನೆಟ್ಟಗಾಯಿತು. ನನ್ನ ಮೈ ದಪ್ಪ. ಮದುವೆಯಾದಾಗಿನಿಂದ ಅದನ್ನು ಆಡಿಕೊಂಡವನಿಗೆ ಅವತ್ತೇ ಮೊದಲ ಸಲ ಅದರಿಂದ ಉಪಯೋಗವಾದದ್ದು.

ಅಂದಿನಿಂದ ಪ್ರತಿ ಭಾನುವಾರ ನಾನು ಆ ಹಲಗೆಯ ಮೇಲೆ. ಹೆಂಡತಿಯನ್ನು ಮುಂದೆ ಕೂರಿಸಿದರೆ ಬೋಟು ಸೀದಾ ಆಗುತ್ತದೆ ನೋಡಿ ಎಂದು ದಂಡೆಯ ಮೇಲಿನ ಮರಾಠಿ ಗೆಳೆಯರಿಗೆ ಅವರದೇ ಭಾಷೆಯಲ್ಲಿ ಹೇಳಿ ನಗಿಸುತ್ತಿದ್ದ. ನಾನೂ ನಗುತ್ತಿದ್ದೆ. ಹೊಟ್ಟೆಯೊಳಗೆ ಬೆಂಕಿ ಹೊತ್ತಿರುತ್ತಿತ್ತು.

ಆದರೂ ಶನಿವಾರ ಸಂಜೆಯಿಂದಲೇ ಡಬ್ಬಿ ತೊಳೆದಿಟ್ಟು ಕಾಯುತ್ತಿದ್ದೆ. ಅಡುಗೆಮನೆ ಬಿಟ್ಟರೆ ಅಂಗಡಿ, ಅಂಗಡಿ ಬಿಟ್ಟರೆ ಅಡುಗೆಮನೆ ಎಂದಿದ್ದವಳಿಗೆ ನೀರಿನ ಮೇಲಿನ ಆ ಗಾಳಿಯ ರುಚಿ ಹತ್ತಿಬಿಟ್ಟಿತ್ತು. ಮುಂದೆ ಸುಮ್ಮನೆ ಕೂತು ನೋಡಿ ನೋಡಿ ಗಾಳಿ ಎತ್ತಣಿಂದ ಬರುತ್ತದೆ, ಹಾಯಿ ಯಾವಾಗ ಎಳೆಯಬೇಕು, ಎಲ್ಲ ಕಲಿತೆ. ಒಂದೇ ಒಂದು ಸಲ ಹಿಂದೆ ಕೂತು ನನ್ನ ಕೈಯಾರೆ ಚುಕ್ಕಾಣಿ ಹಿಡಿಯಬೇಕು ಅಂತ ಆಸೆ. ಕೇಳಿದೆ.

“ನೀ ಹಿಂದ ಬಂದ್ರ ಮುಳುಗ್ತೀವಿ. ಸುಮ್ನ ಕೂಡು,” ಅಂದ.

ಹಾಗಾದರೆ ಬ್ಯಾಟರಿ ನನ್ನ ಜಾಗಕ್ಕೆ ಬರಲಿ, ನಾನು ಬ್ಯಾಟರಿಯ ಜಾಗಕ್ಕೆ ಹೋಗುತ್ತೇನೆ ಎಂದು ಲೆಕ್ಕ ಹಾಕಿದೆ.

“ಬ್ಯಾಟರಿ ಹಾಯಿಕಂಬದ ಬುಡಕ್ಕ ಇಡೋಣ್ರಿ,” ಅಂದೆ. “ಅಲ್ಲಿರೋ ಹಗ್ಗ, ಸ್ಟೋವ್, ಜಾಕೀಟು, ಎಲ್ಲಾ ಹಗುರ ಸಾಮಾನು ಹಿಂದಿನ ಪೆಟ್ಟಿಗ್ಯಾಗ ಹಾಕೋಣು. ಆಮ್ಯಾಲೆ ನಾ ಹಿಂದ ಕೂಡಬಹುದಲ್ರಿ?”

“ನೋಡೋಣು,” ಅಂದ. ಬೇಡ ಅನ್ನಲಿಲ್ಲವಲ್ಲ, ನಾನು ಹೂಂ ಎಂದೇ ತಿಳಿದೆ.

ಕೆಲಸವೆಲ್ಲ ನನ್ನದೇ. ಬೇಸಿಗೆಯ ಧಗೆಯಲ್ಲಿ, ನಡು ಬಗ್ಗಿಸದೆ ಕೂರಲಾಗದ, ಹಲಗೆಯ ಅಡಿಯ ಗೂಡಿನಲ್ಲಿ ತೆವಳಿಕೊಂಡು ಸಾಮಾನು ತೆಗೆದೆ. ಬ್ಯಾಟರಿ ಕೂರಲು ಮರದ ಚೌಕಟ್ಟು ಹೊಡೆದೆ. ದೋಣಿ ಓರೆಯಾದರೆ ಜಾರದಂತೆ ಪಟ್ಟಿ ಬಿಗಿದೆ. ಮೋಟರು ದೂರವಾದದ್ದರಿಂದ ತೆಳು ವೈರು ಕಾಯುತ್ತದೆ ಎಂದು ಅಂಗಡಿಯಿಂದ ದಪ್ಪ ಕೇಬಲ್ ತಂದು ಎಳೆದೆ. ಅವನು ದಂಡೆಯ ನೆರಳಲ್ಲಿ ಚಹಾ ಹೀರುತ್ತಿದ್ದ, ಬ್ಯಾಟರಿ ಎತ್ತುವಾಗ ಮಾತ್ರ ಕೈಹಚ್ಚಿದ. ಅವನು ಒಮ್ಮೆಲೇ ಕೈಬಿಟ್ಟದ್ದಕ್ಕೆ ನನ್ನ ಬೆರಳು ಅಡಿಯಲ್ಲಿ ಸಿಕ್ಕಿ ಉಗುರು ಕಪ್ಪಾಯಿತು.

“ಬ್ಯಾಟರಿಗೆ ಏನೂ ಆಗಿಲ್ಲಲ್ಲ?” ಅಂತ ಕೇಳಿದ.

ಕರೆಂಟು ಪೂರ್ತಿ ಕಡಿಯುವ ದೊಡ್ಡ ಸ್ವಿಚ್ಚು ಮೊದಲು ಹಿಂದೆ, ಅವನ ಕೈಗೇ ಸಿಗುವಂತೆ ಇತ್ತು. ಈಗ ಅದು ಬ್ಯಾಟರಿಯ ಪಕ್ಕಕ್ಕೆ, ನಾನು ಕೂರುತ್ತಿದ್ದ ಹಲಗೆಯ ಅಡಿಗೆ ಬಂತು. “ಇಲ್ಲಿ ನೋಡ್ರಿ, ಬಗ್ಗಿ ಕೈ ಒಳಗ ಹಾಕಿ ತಿರುವಬೇಕು,” ಎಂದು ತೋರಿಸಿದೆ. ಅವನು ದೋಣಿಯ ಫೋಟೋ ತೆಗೆಯುತ್ತಿದ್ದ. ಕತ್ತು ಕೂಡ ಹೊರಳಿಸದೆ “ಹೂಂ, ಗೊತ್ತಾತು” ಅಂದ.

ಇಬ್ಬರೂ ಇಳಿದು ದಂಡೆಯಿಂದ ನೋಡಿದೆವು. ಯಾರೂ ಕೂರದಿದ್ದರೂ ದೋಣಿ ನೀರಿನ ಮೇಲೆ ಸಮವಾಗಿ ನಿಂತಿತ್ತು. ಹೆಮ್ಮೆಯಿಂದ ಇನ್ನೊಮ್ಮೆ ಆ ಕಡೆಯಿಂದಲೂ ಹೋಗಿ ನೋಡಿದೆ.

“ಬರೋ ವಾರ ನಾ ಹಿಂದ ಕೂಡ್ತೀನ್ರಿ,” ಅಂದೆ.

“ಮತ್ತ ಹಿಂದ ತೂಕ ಹಾಕಿ ಕೆಡಸ್ತಿ ಏನು?” ಅಂದ. “ಈಗ ನೆಟ್ಟಗಾಗೇದ. ಇನ್ನ ನೀ ಬರೂದ ಬ್ಯಾಡ. ರವಿವಾರ ಸುಮ್ಮನ ಅಂಗಡಿ ಬಾಗಲಾ ಹಾಕಿರ್ತದ, ನೀ ಹೋಗಿ ಕೂಡು.”

ಸಿಟ್ಟಿನಿಂದ ಹೇಳಿದ್ದರೆ ಜಗಳವಾಡುತ್ತಿದ್ದೆ. ಅವನು ಹೊಸ ಕಪಾಟು ಎಲ್ಲಿಡಬೇಕೆಂದು ಹೇಳುವ ಹಾಗೆ ಹೇಳಿದ. ನಾನು ದೋಣಿಯೊಳಗೆ ಹೋಗಿ ಸ್ವಿಚ್ಚು ಆರಿಸಿ ಬಂದೆ. ದೋಣಿ ಬಿಟ್ಟು ಹೋಗುವಾಗ ಅದನ್ನು ಆರಿಸಲೇಬೇಕು, ಅದರಲ್ಲಿ ಕುಹಕವೇನೂ ಇರಲಿಲ್ಲ. ಮನೆವರೆಗೂ ಕಾರಿನಲ್ಲಿ ಅವನು ಖುಷಿಯಿಂದ ಹಾಡು ಗುನುಗುತ್ತಿದ್ದ.

ಮುಂದಿನ ಭಾನುವಾರ ಮಧ್ಯಾಹ್ನ ನಾನು ಅಂಗಡಿಯಲ್ಲಿದ್ದೆ. ಫೋನು ಬಂತು.

“ಗಾಳಿ ಪೂರಾ ಬಿದ್ದದ, ನಡು ನೀರಾಗ ನಿಂತೀನಿ,” ಅಂದ. “ಮೋಟರ್ ಚಾಲೂ ಆಗವಲ್ದು. ಸ್ವಿಚ್ ಎಲ್ಲಿಟ್ಟಿ?”

“ತೋರಿಸಿದ್ನೆಲ್ರಿ.”

“ಈಗ ಹೇಳು.” ಆಮೇಲೆ ದನಿ ಮೆತ್ತಗೆ ಮಾಡಿದ. “ಬಿಸಲು ಭಾಳ ಅದ. ಕುಡಿಯೂ ನೀರೂ ಮುಗದಾವ. ಒಂದೀಟು ಹೇಳು.”

ನಾನು ಕೂರುತ್ತಿದ್ದಲ್ಲಿ ಬಗ್ಗಿ ಕೈ ಹಾಕಿದರೆ ಸಿಗುತ್ತಿತ್ತು. ಒಂದು ಮಾತಿನ ಕೆಲಸ. ಇಷ್ಟು ವರ್ಷಗಳಲ್ಲಿ ಅವನು ನನ್ನಿಂದ ಏನನ್ನಾದರೂ ಬೇಡಿದ್ದು ಅದೇ ಮೊದಲು, ಆ ದನಿ ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು.

“ಗಿರಾಕಿ ಬಂದಾರ್ರಿ, ಆಮ್ಯಾಲೆ ಮಾತಾಡ್ತೀನಿ,” ಎಂದು ಇಟ್ಟೆ.

ಅಂಗಡಿಯಲ್ಲಿ ನರಪಿಳ್ಳೆ ಇರಲಿಲ್ಲ. ಫೋನನ್ನು ಬೋರಲು ಹಾಕಿ, ಡಬ್ಬಿ ಬಿಚ್ಚಿ ಊಟಕ್ಕೆ ಕೂತೆ.