ಮುತ್ತಜ್ಜಿಯ ಕೊನೆಯ ಮಾತು

ತೊಂಬತ್ತರ ದಶಕದಲ್ಲಿ ಗಲ್ಫಿನ ರುಸೈಲ್‌ನಲ್ಲಿದ್ದ ನಮ್ಮ ಫ್ಯಾಕ್ಟರಿಗೆ ಪೋಲೆಂಡಿನ ಒಂದು ಮೆಷಿನ್ ಬಂತು. ಅದನ್ನು ಜೋಡಿಸಲು ಬಂದ ಫಿಟ್ಟರ್ ಲಿಥುವೇನಿಯಾದವನು. ಆದರೂ ಪೋಲಿಷ್ ಭಾಷೆಯ ಕೈಪಿಡಿಯನ್ನು ಸರಾಗವಾಗಿ ಓದುತ್ತಿದ್ದ.

"ನಿಮ್ಮ ದೇಶ ಬೇರೆ ಅಲ್ವಾ?" ಅಂದೆ.

"ಹೌದು. ನನ್ನ ಮುತ್ತಜ್ಜಿಯ ಭಾಷೆ ಲಿಥುವೇನಿಯನ್. ಆದರೆ ಚರ್ಚಲ್ಲಿ, ಪೇಟೆಯಲ್ಲಿ ಪೋಲಿಷ್ ಬಂದವರಿಗೇ ಮರ್ಯಾದೆ ಇತ್ತಂತೆ. ಅದಕ್ಕೆ ಮಕ್ಕಳಿಗೆ ಅದನ್ನೇ ಕಲಿಸಿದಳು. ಮನೆಮಾತೂ ಅದೇ ಆಯ್ತು."

"ಅವರಿಗೆ ಬೇಜಾರಾಗಲಿಲ್ವಾ?"

"ಹೆಮ್ಮೆಯೇ ಇತ್ತಂತೆ. ಸಾಯುವಾಗ ಮಾತ್ರ ಲಿಥುವೇನಿಯನ್‌ನಲ್ಲಿ ಏನೋ ಹೇಳಿದಳಂತೆ. ಸುತ್ತ ನಿಂತಿದ್ದ ಮೊಮ್ಮಕ್ಕಳಿಗೆ ಅರ್ಥ ಆಗಲಿಲ್ಲ."

ಆ ಸಂಜೆ ಅಲ್ ಹೈಲ್‌ನ ಮನೆಗೆ ಬಂದವನೇ, ಊಟ ಆಯ್ತಾ ಎಂದು ಮಗಳನ್ನು ತುಳುವಿನಲ್ಲಿ ಕೇಳಿದೆ.

"ಯೆಸ್ ಪಪ್ಪಾ, ಲಾಂಗ್ ಬ್ಯಾಕ್" ಅಂದಳು.

ಅವಳ ಇಂಗ್ಲಿಷಿನ ಬಗ್ಗೆ ಆಫೀಸಿನಲ್ಲೆಲ್ಲ ಕೊಚ್ಚಿಕೊಳ್ಳುತ್ತಿದ್ದವನು ನಾನೇ.