ಒಂಟಿ ತಿದಿಯ ಉಸಿರು

ಬೆನೆಡಿಕ್ಟೈನ್ ಸನ್ಯಾಸಿಗಳ ಆ ಮಠದಲ್ಲಿ ಮಠಾಧಿಪತಿಗೆ ಎರಡು ಹೆಸರು. ಎದುರಿಗೆ ‘ದೊಡ್ಡ ಫಾದರ್’, ಬೆನ್ನ ಹಿಂದೆ ‘ಉಸಿರು ಫಾದರ್’. ಎರಡನೆಯದು ಅವರು ಬರೆದ ಪುಸ್ತಕದಿಂದ ಬಂದದ್ದು.

ದಿನದ ಕೊನೆಯ ಪ್ರಾರ್ಥನೆಗೆ, ಕಿಟಕಿಗಳಲ್ಲಿ ಬೆಳಕು ಆರುವ ಹೊತ್ತಿಗೆ, ಸನ್ಯಾಸಿಗಳು ಎದುರುಬದುರು ಎರಡು ಸಾಲಾಗಿ ನಿಂತು ಒಂದು ಹಾಡು ಹಾಡುತ್ತಾರೆ. ಅದರಲ್ಲಿ ‘ಇರುಳಿನ ಕಾವಲುಗಾರನೇ’ ಎಂಬ ಕರೆ ಬರುತ್ತದೆ. ‘ಕಾವಲು’ ಎನ್ನುತ್ತಿದ್ದಂತೆ ಎಲ್ಲರೂ ಬಾಯಿ ಮುಚ್ಚುತ್ತಾರೆ. ಒಂದು ತುಂಬು ಉಸಿರಿನಷ್ಟು ಮೌನ. ಆಮೇಲೆ ‘ಗಾರನೇ’. ಪದದ ನಡು ಮುರಿದು ಹೀಗೆ ನಿಲ್ಲುವುದು ಬೇರೆಲ್ಲೂ ಇಲ್ಲ.

ತರುಣನಾಗಿ ಮಠ ಸೇರಿದ ಮೊದಲ ವಾರವೇ ಆ ಮೌನಕ್ಕೆ ಮಠಾಧಿಪತಿಯ ಕಿವಿ ನೆಟ್ಟಗಾಯಿತು. ಅವರು ಆಗಲೇ ಸಂಗೀತದ ಚರಿತ್ರೆ ಓದಿದ್ದವರು. ಸ್ವರಗಳನ್ನು ಬರೆದಿಡುವ ಪದ್ಧತಿಗೂ ಮೊದಲು ಸನ್ಯಾಸಿಗಳು ಪದದ ಲೆಕ್ಕ ಬಿಟ್ಟು ಧ್ಯಾನದ ಉಸಿರಿಗೆ ಹಾಡುತ್ತಿದ್ದರು, ಎಲ್ಲ ಕಡೆ ಅಳಿದುಹೋದ ಆ ಕ್ರಮ ಈ ಒಂದು ಹಾಡಿನಲ್ಲಿ ಬದುಕುಳಿದಿದೆ ಎಂದು ಅವರು ವಾದ ಕಟ್ಟಿದರು. ಪುಸ್ತಕ ಐದು ಸಲ ಅಚ್ಚಾಯಿತು, ವಿಶ್ವವಿದ್ಯಾಲಯಗಳಲ್ಲಿ ಪಠ್ಯವಾಯಿತು. ಮಠಾಧಿಪತಿಯ ಆಯ್ಕೆಯಲ್ಲಿ ಅವರಿಗೆ ಮತ ಬಿದ್ದದ್ದೂ ಆ ಹೆಸರಿಗೇ ಎಂದು ಆಗ ಗೊಣಗಿದವರು ಈಗಲೂ ಇದ್ದಾರೆ.

ಆರನೆಯ ಮುದ್ರಣ ಅಚ್ಚಿಗೆ ಹೋಗಬೇಕಿದ್ದ ವರ್ಷ ಅವರು ಅಕ್ಕನನ್ನು ನೋಡಲು ಹೋದರು. ಅಕ್ಕ ಪಕ್ಕದ ಊರಿನ ಕಾನ್ವೆಂಟಿನಲ್ಲಿ ಸನ್ಯಾಸಿನಿ. ಹಿಂದೆಲ್ಲ ಸಂಜೆಯ ಬಸ್ಸಿಗೆ ಮರಳುತ್ತಿದ್ದವರು ಅಂದು ಬಸ್ಸು ಕೆಟ್ಟು ಅಲ್ಲೇ ಉಳಿದರು. ಸನ್ಯಾಸಿನಿಯರ ಜೊತೆ ಕೊನೆಯ ಪ್ರಾರ್ಥನೆಗೆ ನಿಂತರು. ಹಾಡು ಅದೇ. ಕಾನ್ವೆಂಟು ಕಟ್ಟಿದ ಕಾಲದಲ್ಲಿ ಮಠದಿಂದಲೇ ಕಲಿತು ತಂದದ್ದು. ‘ಕಾವಲು’ ಬಂತು, ಮಠಾಧಿಪತಿ ಬಾಯಿ ಮುಚ್ಚಿದರು. ಸನ್ಯಾಸಿನಿಯರು ನಿಲ್ಲಲೇ ಇಲ್ಲ. ಇವರು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಸಾಲು ಮುಗಿದಿತ್ತು.

“ನೀವು ಆ ಉಸಿರನ್ನ ಕಳ್ಕೊಂಡಿದೀರಿ,” ಎಂದರು ಹೊರಗೆ ಬಂದ ಮೇಲೆ.

“ಕಳ್ಕೊಳ್ಳೋಕೆ ಇತ್ತೇನೋ ನಮ್ಮ ಹತ್ರ?” ಎಂದರು ಅಕ್ಕ. “ನೂರು ಹೆಂಗಸರು ಬಾಯಿಂದ ಬಾಯಿಗೆ ಹೇಳ್ಕೊಟ್ಟ ಹಾಡು ಇದು. ಒಬ್ಬಳೂ ಅಲ್ಲಿ ನಿಂತಿಲ್ಲ. ನೀನೊಬ್ಬ ನಿಂತೆ ನೋಡು, ಅಪ್ಪನ ಒಂಟಿ ತಿದಿ ಹಾಗೆ! ಅರ್ಧ ದಾರೀಲಿ ಬುಸ್ ಅಂತ!” ಎಂದು ನಗುತ್ತ ಒಳಗೆ ಹೋದರು.

ಅವರ ಅಪ್ಪ ಕಮ್ಮಾರ. ಕುಲುಮೆಯಲ್ಲಿ ಜೋಡಿ ತಿದಿ. ಒಂದು ಗಾಳಿ ಬಿಡುವಾಗ ಇನ್ನೊಂದು ತುಂಬಿಕೊಳ್ಳುತ್ತದೆ, ಬೆಂಕಿಗೆ ಗಾಳಿ ಕಡಿಯುವುದಿಲ್ಲ. ಒಂದರ ಚರ್ಮ ಹರಿದರೆ ಉಳಿದದ್ದು ಖಾಲಿಯಾಗಿ ಮತ್ತೆ ತುಂಬುವವರೆಗೂ ಕಾಯಬೇಕು. ಆ ಹೊತ್ತಿಗೆ ಕೆಂಡ ಮಂಕಾಗುತ್ತಿತ್ತು, ತಿದಿ ಒತ್ತುತ್ತಿದ್ದ ಅಕ್ಕ-ತಮ್ಮ ಇಬ್ಬರಿಗೂ ಅಪ್ಪ ಬೈಯುತ್ತಿದ್ದರು. ಅಕ್ಕ ತಮಾಷೆಗೆ ಹೇಳಿದ್ದು ತಮ್ಮನ ತಲೆಯಲ್ಲಿ ಹುಳವಾಗಿ ಕೂತಿತು. ಮಠದಲ್ಲೂ ಒಂದು ಹಳೆಯ ಆರ್ಗನ್ ಇದೆ. ಕೈಯಲ್ಲಿ ತಿದಿ ಒತ್ತಿ ನುಡಿಸುವಂಥದ್ದು, ಬಹಳ ವರ್ಷಗಳಿಂದ ಮೂಕವಾಗಿ ಪ್ರಾರ್ಥನಾಮಂದಿರದ ಅಟ್ಟದಲ್ಲಿದೆ. ಅದು ಬಂದದ್ದು ಕಾನ್ವೆಂಟಿನವರು ಹಾಡು ಕಲಿತು ಹೋದ ಎಷ್ಟೋ ಕಾಲದ ಮೇಲೆ.

ಮರಳಿ ಬಂದವರು ಅಟ್ಟ ಹತ್ತುವ ಮೊದಲು ಹಾಡು ಎತ್ತಿಕೊಡುವ ಮುದಿ ಬ್ರದರ್‌ನನ್ನು ಹುಡುಕಿಕೊಂಡು ಹೋದರು. ಮಠದಲ್ಲಿ ಎಲ್ಲರಿಗಿಂತ ಹಿರಿಯ. ಆ ಹಾಡನ್ನು ಅವರಿಗೆ ಕಲಿಸಿದವನೂ ಆತನೇ.

“ಇದು ತೀರಾ ಹಳೇದು ಅಂದಿದ್ರಿ ನೀವು.”

“ನೀವು ಕೇಳಿದ್ರಿ, ಹಳೇದಾ ಅಂತ. ನನಗಿಂತ ಹಳೇದು ಅಂದೆ. ಸುಳ್ಳಾ?”

“ಆರ್ಗನ್ ನುಡಿಸ್ತಿದ್ದಾಗಲೂ ಹೀಗೇ ನಿಲ್ತಿದ್ರಾ?”

“ನಿಲ್ತಿದ್ವಿ. ಯಾಕೆ ಅಂತ ಕೇಳಿದ್ರೆ ನಮ್ಮ ಗುರುಗಳು ಕಣ್ಣು ಬಿಡ್ತಿದ್ರು. ಯಾಕೆ ಅನ್ನೋದನ್ನ ನೀವೇ ಬರೆದ್ರಲ್ಲ ಫಾದರ್, ನಾವೂ ನಂಬಿದ್ವಿ.”

ಮಾತಿನಲ್ಲಿ ಚುಚ್ಚು ಇತ್ತೋ ಇಲ್ಲವೋ ಮಠಾಧಿಪತಿಗೆ ತಿಳಿಯಲಿಲ್ಲ. ಮುದುಕನಿಗೆ ಎಲ್ಲ ಗೊತ್ತಿದ್ದು, ತರುಣ ವಿದ್ವಾಂಸನ ಉತ್ಸಾಹಕ್ಕೆ ಒಳಗೊಳಗೇ ನಗುತ್ತ ಇಷ್ಟು ವರ್ಷ ಸುಮ್ಮನಿದ್ದನೇ? ಅಂದಿನಿಂದ ಊಟದ ಮನೆಯಲ್ಲಿ ಆತನ ಮುಖವನ್ನೇ ನೋಡುತ್ತಿದ್ದರು. ಮುದುಕ ತಲೆಯೆತ್ತಿದರೆ ತಟ್ಟೆ ನೋಡುತ್ತಿದ್ದರು.

ಮಧ್ಯಾಹ್ನಗಳಲ್ಲಿ ಅವರು ಒಬ್ಬರೇ ಅಟ್ಟ ಹತ್ತತೊಡಗಿದಾಗ ಅನುಮಾನ ತಿರುಗಿ ಅವರ ಮೇಲೇ ಬಂತು.

“ಅಳತೆಪಟ್ಟಿ ಹಿಡ್ಕೊಂಡು ಹೋಗ್ತಾರೆ, ಮೈಯೆಲ್ಲ ಧೂಳು ಮಾಡ್ಕೊಂಡು ಇಳೀತಾರೆ,” ಎಂದ ಅಡುಗೆಮನೆಯ ಬ್ರದರ್. “ಆರ್ಗನ್ ಮಾರ್ತಾರೆ ಅಷ್ಟೇ.”

“ದೊಡ್ಡ ಫಾದರ್ ಮಾರ್ತಾರಾ? ಬಾಯಿಗೆ ಬಂದ ಹಾಗೆ ಮಾತಾಡಬೇಡ,” ಎಂದ ತೋಟದ ಬ್ರದರ್.

“ಏನು ಹುಡುಕ್ತಿದೀರಿ ಫಾದರ್ ಅಂದೆ. ‘ಏನಿಲ್ಲ’ ಅಂದು ಬಾಗಿಲು ಹಾಕ್ಕೊಂಡ್ರು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು!”

ಮಠಾಧಿಪತಿಗೆ ಇದು ಮುಟ್ಟಿತು. ಮರುದಿನ ಅಡುಗೆಮನೆಯ ಬ್ರದರ್‌ನನ್ನೇ ಅಟ್ಟಕ್ಕೆ ಕರೆದರು. ಆತ ಸೌಟು ಕೈಯಲ್ಲಿ ಹಿಡಿದೇ ಬಂದ. ಆರ್ಗನ್ನಿನ ಹಿಂಬದಿಯ ಹಲಗೆ ಬಿಚ್ಚಿತ್ತು. ಒಳಗೆ ಜೋಡಿ ತಿದಿ. ಒಂದರ ಚರ್ಮ ಉದ್ದಕ್ಕೂ ಸೀಳಿತ್ತು, ಅದರ ಗಾಳಿಯ ಬಾಯಿಗೆ ಹಲಗೆ ಬಡಿದು ಮೊಳೆ ಹೊಡೆದಿದ್ದರು. ಮೊಳೆಗಳು ತುಕ್ಕು ಹಿಡಿದು ಮರದ ಬಣ್ಣಕ್ಕೇ ತಿರುಗಿದ್ದವು.

“ಇದನ್ನ ಒತ್ತಪ್ಪ,” ಎಂದು ಉಳಿದ ತಿದಿಯ ಹಿಡಿ ತೋರಿಸಿ, ತಾವು ನುಡಿಸಲು ಕೂತರು. ಕೊಳವೆಗಳಲ್ಲಿ ಅರ್ಧ ಕೆಮ್ಮಿದವು, ಅರ್ಧ ದನಿ ಕೊಟ್ಟವು. ‘ಇರುಳಿನ’ ದಾಟಿತು. ‘ಕಾವಲು’ ಎನ್ನುವಲ್ಲಿ ಸ್ವರ ಕುಸಿದು ನಿಂತುಹೋಯಿತು. ಬ್ರದರ್ ಹಿಡಿಯನ್ನು ಮತ್ತೆ ಮೇಲೆತ್ತಿ ಒತ್ತಿದ ಮೇಲೆ ‘ಗಾರನೇ’ ಬಂತು. ಹತ್ತು ಸಲ ನುಡಿಸಿದರು. ಹತ್ತೂ ಸಲ ಅಲ್ಲೇ.

“ನಾವು ನಿಲ್ಲೋ ಜಾಗ!” ಎಂದ ಬ್ರದರ್ ಬೆರಗಾಗಿ. “ತಿದಿ ತುಂಬಲಿ ಅಂತ ಕಾಯ್ತಿದ್ದದ್ದೇ ರೂಢಿ ಆಯ್ತಾ? ಹಾಗಾದ್ರೆ ನಿಮ್ಮ ಪುಸ್ತಕ?” ಎಂದ.

ಅವರಿಬ್ಬರನ್ನು ಬಿಟ್ಟು ಇದು ಬೇರೆ ಯಾರಿಗೂ ಗೊತ್ತಿರಲಿಲ್ಲ. ಹಲಗೆ ಮತ್ತೆ ಮುಚ್ಚಿದ್ದರೆ ಗೊತ್ತಾಗುತ್ತಲೂ ಇರಲಿಲ್ಲ. ಆರನೆಯ ಮುದ್ರಣದ ಬಿಡುಗಡೆಗೆ ವಿದ್ವಾಂಸರು ಮಠಕ್ಕೇ ಬರುವವರಿದ್ದರು. ಹಲಗೆ ಮುಚ್ಚಬೇಕು ಎಂದು ಎರಡು ದಿನ ಅನಿಸಿತ್ತು ಎಂಬುದನ್ನು ಮಠಾಧಿಪತಿ ಈಗ ಮುಚ್ಚಿಡುವುದಿಲ್ಲ.

ಸಭೆಯ ದಿನ ಅವರು ಭಾಷಣ ಮಾಡಲಿಲ್ಲ, ಅತಿಥಿಗಳನ್ನು ಅಟ್ಟಕ್ಕೆ ಕರೆದೊಯ್ದರು. ನುಡಿಸಿದರು, ಮೊಳೆ ತೋರಿಸಿದರು, ಕಾನ್ವೆಂಟಿನ ಹಾಡಿನ ಸಂಗತಿ ಹೇಳಿದರು. ಯಾರೂ ನಂಬಲಿಲ್ಲ. ದೊಡ್ಡವರ ವಿನಯ ಎಂದರು ಕೆಲವರು. ವಯಸ್ಸಾಯಿತು ಎಂದು ಪಿಸುಗುಟ್ಟಿದರು ಕೆಲವರು. ಆ ಪುಸ್ತಕ ಪಾಠ ಮಾಡಿಯೇ ಹೆಸರು ಮಾಡಿದ್ದ ಒಬ್ಬ ಪ್ರೊಫೆಸರ್ ಮಾತ್ರ ಸಿಟ್ಟಾದರು.

“ಒತ್ತೋರು ನಿಮ್ಮವರೇ, ನುಡಿಸೋರು ನೀವೇ. ಎಲ್ಲಿ ಬೇಕಾದ್ರೂ ನಿಲ್ಲಿಸಬಹುದು,” ಎಂದರು.

“ನೀವೇ ಒತ್ತಿ,” ಎಂದರು ಮಠಾಧಿಪತಿ.

ಪ್ರೊಫೆಸರ್ ಕೋಟು ತೆಗೆದಿಟ್ಟು, ಸೋಲಬಾರದೆಂಬ ಹಟದಿಂದ ಒತ್ತಿದರು. ‘ಕಾವಲು’ ದಾಟಲಿಲ್ಲ. ಮತ್ತೊಮ್ಮೆ, ಇನ್ನೂ ನಿಧಾನವಾಗಿ ಒತ್ತಿದರು. ಆಗಲೂ ದಾಟಲಿಲ್ಲ. ಬೆವರು ಒರೆಸಿಕೊಂಡು, ಕೋಟು ಎತ್ತಿಕೊಂಡು ಕೆಳಗಿಳಿದರು. ಅಂದು ಮಧ್ಯಾಹ್ನವೇ ಮಠಾಧಿಪತಿ ಪ್ರಕಾಶಕನಿಗೆ ಪುಸ್ತಕ ಹೊರಗೆ ಬಿಡದೆ ನಿಲ್ಲಿಸುವಂತೆ ಹೇಳಿದರು.

ಅಂದಿನ ಕೊನೆಯ ಪ್ರಾರ್ಥನೆಗೆ ಅತಿಥಿಗಳೆಲ್ಲ ಉಳಿದುಕೊಂಡರು. ಇನ್ನು ಮುಂದೆ ಆ ಜಾಗದಲ್ಲಿ ನಿಲ್ಲಬೇಕೋ ಬೇಡವೋ ಎಂದು ಮಠಾಧಿಪತಿ ಅಪ್ಪಣೆ ಕೊಟ್ಟಿರಲಿಲ್ಲ. ಆ ಪದ ಬರುವವರೆಗೂ ತಾವೂ ತೀರ್ಮಾನಿಸಿರಲಿಲ್ಲ ಎನ್ನುತ್ತಾರೆ. ಮುದಿ ಬ್ರದರ್ ಹಾಡು ಎತ್ತಿಕೊಟ್ಟ. ಸನ್ಯಾಸಿಗಳು ಒಬ್ಬರ ತುಟಿ ಒಬ್ಬರು ನೋಡುತ್ತಿದ್ದರು. ‘ಕಾವಲು’ ಬಂತು. ಸಾಲುಗಳೆರಡೂ ನಿಂತವು. ಮಠಾಧಿಪತಿಯ ದನಿಯೊಂದೇ ನಿಲ್ಲದೆ ಮುಂದೆ ಹೋಗಿ, ‘ಗಾರನೇ’ ಎಂದು ಖಾಲಿ ಮಂದಿರದಲ್ಲಿ ಕೂಗಿದಂತೆ ಕೇಳಿಸಿತು.

ಮುದಿ ಬ್ರದರ್ ಕೈಯೆತ್ತಿ ಎಲ್ಲರನ್ನೂ ತಡೆದ.

“ಸಾಲಲ್ಲಿ ನಿಂತ್ಮೇಲೆ ಜೊತೇಲಿ ಹಾಡ್ಬೇಕು ಫಾದರ್,” ಎಂದ. ದನಿಯೇನೂ ದೊಡ್ಡದಿರಲಿಲ್ಲ, ಆದರೆ ಕೊನೆಯ ಬೆಂಚಿಗೂ ಕೇಳಿಸಿತು.

ಹಾಡಿನಲ್ಲಿ ತಪ್ಪಿದವನು ಯಾರೇ ಆಗಲಿ, ಎಲ್ಲರೆದುರು ಮಂಡಿಯೂರಿ ತಪ್ಪೊಪ್ಪಿಕೊಳ್ಳಬೇಕೆಂಬುದು ಆ ಸನ್ಯಾಸಿಗಳ ನಿಯಮ. ಮಠಾಧಿಪತಿ ತಮ್ಮ ಜಾಗ ಬಿಟ್ಟು ಎರಡು ಸಾಲುಗಳ ನಡುವೆ ಬಂದರು. ಬರಿಯ ಕಲ್ಲಿನ ಮೇಲೆ, ಒಂದು ಕೈ ನೆಲಕ್ಕೆ ಊರಿ, ಮಂಡಿಯೂರಿದರು.

ಅವರು ಒಪ್ಪಿಕೊಂಡದ್ದು ಆ ಸಾಲಿನ ತಪ್ಪನ್ನೋ, ಪುಸ್ತಕದ ತಪ್ಪನ್ನೋ ಎಂದು ಅತಿಥಿಗಳು ಪ್ರಾರ್ಥನೆ ಮುಗಿದ ಮೇಲೆ ಹೊರಗೆ ಜಗುಲಿಯಲ್ಲಿ ಬಹಳ ಹೊತ್ತು ವಾದಿಸಿದರು. ಎಲ್ಲ ನಾಟಕ, ಮುಂದಿನ ಪುಸ್ತಕಕ್ಕೆ ಪೀಠಿಕೆ ಎಂದರು ಪ್ರೊಫೆಸರ್. ಅದಕ್ಕೂ ಮೊದಲು, ಒಳಗೆ, ಮುದಿ ಬ್ರದರ್ ಸಾಲನ್ನು ಮೊದಲಿನಿಂದ ಎತ್ತಿಕೊಟ್ಟಿದ್ದ. ‘ಕಾವಲು’ ಬಂದಾಗ, ಮಂಡಿಯೂರಿದ್ದಲ್ಲಿಯೇ, ಮಠಾಧಿಪತಿ ಉಳಿದವರ ಜೊತೆ ಬಾಯಿ ಮುಚ್ಚಿದರು.