ಎರಡು ಅಳತೆಯ ವಾಷರ್

ನಾವಿದ್ದ ಆದೋನಿಯಲ್ಲೇ ಎಣ್ಣೆ ಮಿಲ್ಲು ನಡೆಸುತ್ತಿದ್ದ ನನ್ನ ಹೆಂಡತಿಯ ಅಣ್ಣ ಮದರಾಸಿನಿಂದ ರೇಸಿನ ಕಾರೊಂದನ್ನು ತಂದಿದ್ದರು. ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು, ಬಜಾರಿನ ನಾಯಿಗಳನ್ನೆಲ್ಲ ಎಬ್ಬಿಸಿಕೊಂಡು ಓಡುತ್ತಿತ್ತು. ಸ್ವಲ್ಪ ದಿನಕ್ಕೇ ಅದರ ಕ್ಲಚ್ ಕೆಟ್ಟಿತು. ಆ ಕಾರಿನಲ್ಲಿ ಕ್ಲಚ್ಚನ್ನು ತಳ್ಳುವುದು ಎಣ್ಣೆಯ ಒತ್ತಡ. ಸಿಲಿಂಡರಿನೊಳಗಿನ ರಬ್ಬರ್ ವಾಷರ್ ಕೆಟ್ಟು, ತುಳಿದ ಪೆಡಲ್ ನೆಲ ಸೇರಿ ಅಲ್ಲೇ ಮಲಗುತ್ತಿತ್ತು.

ಹೊಳಗುಂದದ ತವರಿನಲ್ಲಿ ಹೆಂಡತಿಯ ತಂಗಿಯ ಮಗುವಿಗೆ ನಾಮಕರಣ. ಹಿಂದಿನ ಸಲ ತಂಗಿ ಗಂಡನ ಜೀಪಿನಿಂದ ಇಳಿದರೆ, ನನ್ನವಳು ಆದೋನಿಯಿಂದ ಮರಳುವ ಹತ್ತಿಕಾಳಿನ ಗಾಡಿಯಿಂದ ಇಳಿದಿದ್ದಳು. "ಅಕ್ಕಾ, ಇಷ್ಟು ಲಗೂನ ತಲಿ ಬೆಳ್ಳಗಾತಲ್ಲ" ಎಂದು ತಂಗಿ ನಾಲ್ಕು ಜನರ ಮುಂದೆ ಆಕೆಯ ಕೂದಲಿಂದ ಹತ್ತಿಯ ಎಳೆ ಹೆಕ್ಕಿದ್ದಳು. ಈ ಸಲ ಅಣ್ಣನ ಕಾರಿನಲ್ಲೇ ಇಳಿಯಬೇಕು, ಇಲ್ಲವಾದರೆ ಹೋಗುವುದೇ ಇಲ್ಲ ಎಂದು ನನ್ನವಳ ಹಟ.

ವಾಷರ್ ಆರಿಸಿ ತರುವ ಕೆಲಸ ನನಗೆ ಬಿತ್ತು. "ನಿಮಗ ಎಲ್ಲಾದ್ರ ಮ್ಯಾಲೂ ಅನುಮಾನ. ನಿಮಗ್ಯಾರು ಮೋಸ ಮಾಡ್ತಾರ್ರೀ?" ಎಂದರು ಭಾವ. ಹೊಗಳಿಕೆಯೆಂದು ಇಟ್ಟುಕೊಂಡೆ.

ಬಳ್ಳಾರಿಯ ಅಂಗಡಿಯವನು ಅಂಥ ಕಾರನ್ನೇ ಕಂಡವನಲ್ಲ. ಎರಡು ಅಳತೆಯ ವಾಷರ್ ಮುಂದಿಟ್ಟು ನನ್ನ ಮುಖ ನೋಡಿದ. ಕರವಸ್ತ್ರ ಬಿಚ್ಚಿ ಹಳೆಯ ವಾಷರನ್ನು ಎರಡರ ಮೇಲೂ ಇಟ್ಟು ನೋಡಿದೆ. ದೊಡ್ಡದು ಸರಿಯಾಗಿ ಕೂತಿತು. ತೆಗೆದುಕೊಂಡು ಸ್ಟೇಷನ್ನಿನವರೆಗೆ ಬಂದವನಿಗೆ ಅನುಮಾನ ಶುರುವಾಯಿತು. ನನ್ನ ಕೈಯಿಂದ ಒಂದು ಕೆಲಸ ಇಷ್ಟು ಸಲೀಸಾಗಿ ಆಯಿತೆಂದರೆ ಎಲ್ಲೋ ತಪ್ಪಿರಲೇಬೇಕು. ವಾಪಸು ಹೋಗಿ ಚಿಕ್ಕದನ್ನೂ, ಜೊತೆಗೊಂದು ಡಬ್ಬಿ, ಕ್ಲಚ್ಚಿಗೂ ಹಾಕುವ ಬ್ರೇಕ್ ಎಣ್ಣೆಯನ್ನೂ ತಂದೆ. ಚಿಕ್ಕದರ ಸುದ್ದಿ ಯಾರಿಗೂ ಹೇಳಲಿಲ್ಲ.

ನಾಮಕರಣದ ಬೆಳಿಗ್ಗೆ ಹೆಂಡತಿ ರೇಷ್ಮೆ ಸೀರೆಯುಟ್ಟು ಆಗಲೇ ಕಾರಿನಲ್ಲಿ ಕೂತಿದ್ದಳು. ಹೊಸ ವಾಷರ್ ಮಾತ್ರ ಸಿಲಿಂಡರಿನೊಳಗೆ ಇಳಿಯಲೊಲ್ಲದು. ಭಾವ ಹೆಬ್ಬೆರಳಿಂದ ಒತ್ತಿದರು, ಆಮೇಲೆ ಲಟ್ಟಣಿಗೆ ತರಿಸಿ ಒತ್ತಿದರು. ಆಕೆ ಇಳಿದು ಬಂದು ಹಳೆಯದನ್ನು ಎತ್ತಿ ಮೂಸಿದಳು.

"ಅಣ್ಣಾ, ಇದು ಶೇಂಗಾ ಎಣ್ಣಿ ವಾಸನಿ ಹೊಡೀತೈತಿ."

"ನಮ್ಮ ಮಿಲ್ಲಿಂದೇ ಹಾಕಿದ್ದೆ" ಎಂದರು ಭಾವ, ಸ್ವಲ್ಪವೂ ಅಳುಕದೆ. "ಬಟ್ಟ್ಯಾಗ ಸೋಸಿ ಹಾಕೀನಿ. ಏಂ ಕಾದು, ಏನೂ ಆಗಂಗಿಲ್ಲ."

ಆಗಿತ್ತು. ರಬ್ಬರು ಆ ಎಣ್ಣೆ ಕುಡಿದು ಉಬ್ಬಿತ್ತು; ನಾನು ಬಳ್ಳಾರಿಯಲ್ಲಿ ಅಷ್ಟು ಶ್ರದ್ಧೆಯಿಂದ ಅಳೆದದ್ದು ಆ ಉಬ್ಬನ್ನು. ಹೆಂಡತಿ ಸೆರಗಿನ ತುದಿ ಕಣ್ಣಿಗೆ ಒಯ್ಯುವಷ್ಟರಲ್ಲಿ ನಾನು ಜೇಬಿನಿಂದ ಚಿಕ್ಕದನ್ನು ತೆಗೆದೆ.

"ಇದನ್ನೂ ತಂದಿದ್ರೇನ್ರೀ?"

"ಯಾಕೋ ಅನುಮಾನ ಬಂತು."

ಅದು ಕೂತಿತು. ಭಾವ ಶೇಂಗಾ ಎಣ್ಣೆ ಚೆಲ್ಲಿ ಡಬ್ಬಿಯ ಎಣ್ಣೆ ತುಂಬಿದರು. ಪೆಡಲ್ ಎದ್ದು ನಿಂತಿತು. ಹೆಂಡತಿ ನನ್ನನ್ನು ನೋಡಿದ ರೀತಿಗೆ ಉಬ್ಬಿಹೋಗಿ, ನಾನು ದಾರಿಗೆಂದು ಛತ್ರಿ ತರಲು ಓಡಿಯೇ ಒಳಗೆ ಹೋದೆ.

ದಾರಿಯ ಹಳ್ಳ, ಪಂಚರು, ಪೆಟ್ರೋಲು, ಎಲ್ಲದಕ್ಕೂ ಹಿಂದಿನ ದಿನವೇ ಚಿಂತೆ ಮಾಡಿ ಮುಗಿಸಿದ್ದೆ. ಹೊರಗೆ ಬಂದಾಗ ಸ್ಟೀರಿಂಗ್ ಹಿಡಿದು ಭಾವ, ಪಕ್ಕದಲ್ಲಿ ಹೆಂಡತಿ. ರೇಸಿನ ಕಾರಿಗೆ ಮೂರನೆಯ ಸೀಟು ಇರಲಿಲ್ಲ.

"ನೀವು ಗಾಡ್ಯಾಗ ಬರ್ರಿ" ಎಂದು ಆಕೆ ತೊಟ್ಟಿಲ ಬಟ್ಟೆಯ ಗಂಟನ್ನೂ ನನ್ನ ಕೈಗಿತ್ತಳು.

ನಾನು ಹೊಳಗುಂದ ಮುಟ್ಟಿದ್ದು ದೀಪ ಹಚ್ಚುವ ಹೊತ್ತಿಗೆ. ನಾದಿನಿ ಬಾಗಿಲಲ್ಲೇ ನಿಲ್ಲಿಸಿ ನನ್ನ ತಲೆಯಿಂದ ಹತ್ತಿ ಹೆಕ್ಕತೊಡಗಿದಳು. ಅವಳ ಹಿಂದೆ ನಿಂತು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ನನ್ನ ಹೆಂಡತಿ.